ಅಪ್ಪನ ಪಾರಸೀಕ, ಅಜ್ಜಿಯ ಕಾಶಿ

ಸೀಮೆಎಣ್ಣೆಯೂ ನೀಲಿಪುಡಿಯೂ ಬೆರೆತ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಪಾರಸೀಕ ಸಾಮ್ರಾಜ್ಯ ನೆನಪಾಗುತ್ತದೆ. ಹೀಗಾಗುವುದು ಈ ಊರಿನಲ್ಲಿ ನನಗೊಬ್ಬಳಿಗೇ ಇರಬೇಕು. ಕಳೆದ ತಿಂಗಳು ಕಾಶಿಯ ಸೋನಾರ್‌ಪುರದಲ್ಲಿ ನಾನು ಕೂತಿದ್ದ ಇ-ರಿಕ್ಷಾ ಎಂದಿನಂತೆ ಜಾಮಿನಲ್ಲಿ ಸಿಕ್ಕಿಕೊಂಡಿತು. ಪಕ್ಕದ ಗಲ್ಲಿಯ ಬಾಯಲ್ಲಿ ಜರಿ ಕಸೂತಿಯ ಕಾರ್ಖಾನೆಯೊಂದಿದೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಚೌಕಟ್ಟಿಗೆ ಬಿಗಿದ ಬಟ್ಟೆಯ ಸುತ್ತ ನಾಲ್ಕೈದು ಜನ ಕೂರುವಷ್ಟು ಒಂದು ಕೋಣೆ. ಅಲ್ಲೊಬ್ಬ ಮುದುಕರು, ಸೂಜಿಯಿಂದ ಸಾಲಾಗಿ ತೂತು ಹೊಡೆದ ಟ್ರೇಸಿಂಗ್ ಪೇಪರನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕದಡಿದ ನೀಲಿಯನ್ನು ಚಿಂದಿಗೆ ಹಚ್ಚಿಕೊಂಡು ಉಜ್ಜುತ್ತಿದ್ದರು. ಹಾಳೆ ಎತ್ತಿದರೆ ಕೆಳಗೆ ಹೂಬಳ್ಳಿ ಚುಕ್ಕಿಚುಕ್ಕಿಯಾಗಿ ಮೂಡಿರುತ್ತದೆ. ಅಪ್ಪ ಟ್ರೇಸಿಂಗ್ ಪೇಪರ್ ತರುತ್ತಿದ್ದದ್ದು ಇಂಥವರಿಗೆ ಸಾಮಾನು ಮಾರುವ ಅಂಗಡಿಯಿಂದಲೇ. ಕೊಳವೆಯಂತೆ ಸುತ್ತಿದ ಆ ಕಾಗದ ನಮ್ಮ ಮನೆಗೆ ಬಂದು ತಿಂಗಳಾದರೂ ಅಂಗಡಿಯ ವಾಸನೆ ಬಿಡುತ್ತಿರಲಿಲ್ಲ. ಅಮ್ಮ ಅದನ್ನು ಅಡುಗೆಮನೆಯ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಜಾಮು ಬಿಡುವ ತನಕ ನಾನು ಸುಮ್ಮನೆ ಆ ವಾಸನೆ ಕುಡಿಯುತ್ತ ಕೂತಿದ್ದೆ. ಚಾಲಕ ಎರಡು ಸಲ ತಿರುಗಿ ನೋಡಿದ.

ನಮ್ಮ ಮನೆ ಹನುಮಾನ್ ಘಾಟಿನ ಗಲ್ಲಿಯಲ್ಲಿತ್ತು. ಕೆಳಗೆ ಮಾಲೀಕರು, ಮೇಲಿನ ಅಂತಸ್ತಿನಲ್ಲಿ ನಾವು, ನಮ್ಮ ಮೇಲೆ ಛಾವಣಿ, ಛಾವಣಿಯ ಮೇಲೆ ಕೋತಿಗಳು. ಅಪ್ಪ ಧಾರವಾಡದಲ್ಲಿ ಓದಿ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಕಲಿಸಲು ಬಂದವರು. ದಿನವೂ ಬೆಳಗ್ಗೆ ಸೈಕಲ್ಲಿನಲ್ಲಿ ಅಸ್ಸಿ ಹಳ್ಳ ದಾಟಿ ಹೋಗಿ, ಮಧ್ಯಾಹ್ನ ಮೂರಕ್ಕೆಲ್ಲ ಮರಳಿ ಬಂದು, ಬಟ್ಟೆ ಬದಲಿಸಿ, ಡ್ರಾಯಿಂಗ್ ಬೋರ್ಡಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಬೋರ್ಡು ಛಾವಣಿಯ ಬಾಗಿಲಿನ ಹತ್ತಿರ ಇರುತ್ತಿತ್ತು, ಬೆಳಕಿಗಾಗಿ. ಅದರ ಮೇಲೆ ಪಿನ್ನು ಚುಚ್ಚಿ ಹರಡಿದ ಮೂಲನಕ್ಷೆಯಲ್ಲಿ ಸಮುದ್ರ, ನದಿ, ಬೆಟ್ಟ ಮಾತ್ರ ಇದ್ದವು. ಒಂದೇ ಒಂದು ದೇಶವಿರಲಿಲ್ಲ. ದೇಶಗಳೆಲ್ಲ ಟ್ರೇಸಿಂಗ್ ಹಾಳೆಗಳ ಮೇಲಿದ್ದವು. ಮೂಲನಕ್ಷೆ ಮಣ್ಣು, ಅದು ಹಾಗೇ ಇರುತ್ತದೆ, ಅದರ ಮೇಲೆ ರಾಜರು ಬಂದು ಹೋಗುತ್ತಾರೆ ಎಂದು ಅಪ್ಪ ನನಗೆ ವಿವರಿಸಿದ್ದರು. ನನಗೆ ಆಗ ಎಂಟು ವರ್ಷ. ನದಿಗಳೂ ದಾರಿ ಬದಲಿಸುತ್ತವೆ ಎಂಬುದನ್ನು ಅವರು ಆಗ ಹೇಳಲಿಲ್ಲ.

ಹಾಳೆಗಳು ಏಳು. ಮೊದಲನೆಯದರಲ್ಲಿ ಪಾರಸೀಕರು ಬೆಟ್ಟಗಳ ನಡುವೆ ಒಂದು ಅಂಗೈಯಷ್ಟು ಜಾಗದಲ್ಲಿದ್ದರು. ಎರಡನೆಯದರಲ್ಲಿ ಮೊದಲ ದೊಡ್ಡ ರಾಜ ಪಶ್ಚಿಮದ ಸಮುದ್ರದ ತನಕ ಹೋಗಿ, ಬ್ಯಾಬಿಲೋನನ್ನೂ ಹಿಡಿದಿದ್ದ. ಮೂರನೆಯದರಲ್ಲಿ ಅವನ ಮಗ ಈಜಿಪ್ಟನ್ನು ಸೇರಿಸಿದ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಅದರ ಮೂಡಣ ಅಂಚು ನಮ್ಮ ಸಿಂಧೂ ನದಿಯನ್ನು ಮುಟ್ಟುತ್ತಿತ್ತು. ಐದನೆಯದರಲ್ಲಿ ಗ್ರೀಕರ ಕಡೆ ಅಂಚು ಸವೆಯಿತು, ಆರನೆಯದರಲ್ಲಿ ಈಜಿಪ್ಟ್ ಕೈಬಿಟ್ಟಿತು, ಏಳನೆಯದರಲ್ಲಿ ಅದೇ ಈಜಿಪ್ಟ್ ಮತ್ತೆ ಒಳಗೆ ಬಂತು. ಅದಾದ ಸ್ವಲ್ಪ ಕಾಲಕ್ಕೇ ಎಲ್ಲ ಮುಗಿಯಿತು. ಒಂದರ ಮೇಲೊಂದು ಹಾಳೆ ಇಟ್ಟು ಬೆಳಕಿಗೆ ಹಿಡಿದರೆ ಇಡೀ ಸಾಮ್ರಾಜ್ಯ ಉಸಿರೆಳೆದು ಉಸಿರು ಬಿಟ್ಟಂತೆ ಕಾಣುತ್ತಿತ್ತು. ಗೆರೆ ಎಳೆಯುವುದಕ್ಕೆ ಅಪ್ಪನದು ಕಟ್ಟುನಿಟ್ಟಿನ ಪದ್ಧತಿ. ಬಂಡೆಯ ಮೇಲೆ ರಾಜರು ಕೆತ್ತಿಸಿದ ದೇಶಗಳ ಪಟ್ಟಿಗೂ ಬೇರೆ ಆಧಾರಕ್ಕೂ ತಾಳೆ ಬಿದ್ದರೆ ಪೂರ್ತಿ ಗೆರೆ. ಒಂದೇ ಆಧಾರವಿದ್ದರೆ, ಇಲ್ಲವೇ ಎರಡು ಆಧಾರಗಳು ಜಗಳವಾಡುತ್ತಿದ್ದರೆ, ತುಂಡು ಗೆರೆ. ಏನೂ ಗೊತ್ತಿಲ್ಲದ ಕಡೆ ಗೆರೆಯೇ ಇಲ್ಲ, ಬರೀ ತೆಳುವಾದ ಅಡ್ಡಗೀರುಗಳು ಕ್ರಮೇಣ ಮಾಸಿಹೋಗುತ್ತಿದ್ದವು. "ಗೊತ್ತಿಲ್ಲದ ಕಡೆ ಗೆರೀ ಎಳದ್ರ ಸುಳ್ಳು ಸಾಕ್ಷಿ ಹೇಳಿಧಂಗ, ಇಂದೂ" ಎನ್ನುತ್ತಿದ್ದರು. ಶಾಯಿ ತಪ್ಪಿ ಹರಿದರೆ ಹೊಸ ಬ್ಲೇಡಿನ ಮೂಲೆಯಿಂದ ಹಾಳೆ ಹರಿಯದಂತೆ ಕೆರೆಯಬೇಕು. ಆ ಕೆಲಸ ನನಗೆ ಬಿಟ್ಟಿದ್ದರು, ನನ್ನ ಕೈ ಹಗುರ ಎಂದು. ನನಗೆ ಅದರ ಜಂಬ ಬಹಳ ಇತ್ತು.

ಇನ್ನು ಅಜ್ಜಿ. ಅಪ್ಪನ ತಾಯಿ. ಅಜ್ಜ ತೀರಿಕೊಂಡ ಮೇಲೆ ಹಾವೇರಿ ಕಡೆಯ ಹಳ್ಳಿಯ ಮನೆ ಮಾರಿ, ಒಂದು ಟ್ರಂಕು, ಒಂದು ತಾಮ್ರದ ತಂಬಿಗೆ ಹಿಡಿದುಕೊಂಡು ಮಗನಿದ್ದ ಕಾಶಿಗೆ ಬಂದವಳು. ಬಂದ ವರ್ಷವೇ ಕ್ಷೇತ್ರಸನ್ಯಾಸ ತೊಟ್ಟಳು. ಅಂದರೆ ಇನ್ನು ಸಾಯುವ ತನಕ ಕಾಶಿಯ ಎಲ್ಲೆ ದಾಟುವುದಿಲ್ಲ, ಇಲ್ಲೇ ಪ್ರಾಣ ಬಿಡುತ್ತೇನೆ ಎಂದು ಗಂಗೆಯಲ್ಲಿ ನಿಂತು ಸಂಕಲ್ಪ ಮಾಡುವುದು. ನಮ್ಮ ಕಡೆಯವರಿಗೆಲ್ಲ ಪೌರೋಹಿತ್ಯ ಮಾಡುತ್ತಿದ್ದ ಮುದಿ ಭಟ್ಟರು ಸಂಸ್ಕೃತದಲ್ಲಿ ಏನೇನೋ ಹೇಳಿಸಿದರು, ಅಜ್ಜಿ ಅದನ್ನು ಹೇಳಿದಳು, ಅಷ್ಟೇ. ಆಮೇಲೆ ಅವಳ ಲೋಕವೆಂದರೆ ಮನೆ, ಘಾಟು, ಕೇದಾರನ ಗುಡಿ, ಸೋನಾರ್‌ಪುರದ ತರಕಾರಿ ಸಂತೆ. "ಏ ಭೈಯ್ಯಾ, ಈ ಬದನೀಕಾಯಿ ಕೈಸಾ ದಿಯಾ? ಹುಳಾ ಅದ ನೋಡು ಇದರಾಗ" ಎಂದು ಅರ್ಧ ಹಿಂದಿ ಅರ್ಧ ಕನ್ನಡದಲ್ಲಿ ಅವಳು ಜಗಳ ತೆಗೆದರೆ ತರಕಾರಿಯವನು ನಗುತ್ತ ಎರಡು ಬದನೆಕಾಯಿ ಹೆಚ್ಚಿಗೆ ಹಾಕುತ್ತಿದ್ದ. ವ್ರತವನ್ನು ಅವಳು ಆಟಕ್ಕೆ ತೊಟ್ಟಿರಲಿಲ್ಲ. ಹಾವೇರಿಯಲ್ಲಿದ್ದ ಅವಳ ಮಗಳು, ನನ್ನ ಸುಧಾ ಅತ್ತೆ, ಕಾಯಿಲೆ ಬಿದ್ದು "ಅವ್ವಾ, ಒಮ್ಮೆ ಬಂದು ಹೋಗು" ಎಂದು ಕಾಗದ ಬರೆಸಿದ್ದಳು. ಅಜ್ಜಿ ಹೋಗಲಿಲ್ಲ. ಅಪ್ಪ ಒಬ್ಬರೇ ಹೋದರು. ಅತ್ತೆ ತೀರಿಕೊಂಡ ಸುದ್ದಿ ಬಂದ ದಿನ ಅಜ್ಜಿ ಘಾಟಿನ ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಸಂಜೆಯ ತನಕ ಕೂತಿದ್ದಳು. ಅಮ್ಮ ಊಟಕ್ಕೆ ಕರೆದರೆ ಕೈಯಾಡಿಸಿದಳು. ಮರುದಿನದಿಂದ ಮತ್ತೆ ಬದನೆಕಾಯಿಯ ಜಗಳ ಶುರುವಾಯಿತು. ಸುಧಾ ಅತ್ತೆಯ ಹೆಸರನ್ನು ಮಾತ್ರ ಅವಳು ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಮಧ್ಯಾಹ್ನ ಅಪ್ಪ ಬೋರ್ಡಿನ ಮುಂದೆ ಕೂತರೆ ಅಜ್ಜಿ ಹೂಬತ್ತಿಯ ಬುಟ್ಟಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದಳು. ಬತ್ತಿ ಹೊಸೆಯುತ್ತ ಪಾರಸೀಕದ ಯೋಗಕ್ಷೇಮ ವಿಚಾರಿಸುತ್ತಿದ್ದಳು. ಅಕ್ಷರ ಅವಳಿಗೆ ಅಷ್ಟಕ್ಕಷ್ಟೇ, ನಕ್ಷೆ ಮಾತ್ರ ಬಹಳ ಬೇಗ ಹಿಡಿಸಿತು. "ಇವತ್ತ ನಿಮ್ಮ ರಾಜಾ ಎಲ್ಲೀ ತನಕಾ ಬಂದ?" ಎಂದು ಕೇಳುವಳು. ಅಪ್ಪ ಬೆರಳಿಟ್ಟು ತೋರಿಸುವರು. ಈಜಿಪ್ಟ್ ಹೊರಗೆ ಹೋಗಿ ಒಳಗೆ ಬಂದದ್ದನ್ನು ಕೇಳಿ, "ಅದೇನು ತವರಮನೀಗೆ ಹೋಗಿ ಬರೋ ಸೊಸೀ ಏನು? ಒಮ್ಮೆ ಬಿಟ್ಟಮ್ಯಾಲೆ ತಿರುಗಿ ಯಾಕ ಬಂತು?" ಎಂದಳು. "ತಾನಾಗಿ ಬರಲಿಲ್ಲವ್ವಾ, ಹೊಡದು ತಂದ್ರು" ಎಂದರು ಅಪ್ಪ. "ಹಂಗಾರ ಅದು ಬಂದಧಂಗ ಲೆಕ್ಕ ಅಲ್ಲ. ಅಲ್ಲೆ ಪೂರ್ತಿ ಗೆರೀ ಹಾಕಬ್ಯಾಡ" ಎಂದು ಅಜ್ಜಿ ತೀರ್ಪು ಕೊಟ್ಟಳು. ಅಪ್ಪ ನಕ್ಕರು. ಆದರೆ ಏಳನೆಯ ಹಾಳೆಯಲ್ಲಿ ಈಜಿಪ್ಟಿನ ದಕ್ಷಿಣದ ಅಂಚು ಕೊನೆಗೂ ತುಂಡು ಗೆರೆಯಲ್ಲೇ ಉಳಿಯಿತು. ಆಧಾರ ಸಾಲದು ಎಂದು ಅವರು ಹೇಳಿದ್ದು, ಅಜ್ಜಿಯ ಮಾತಿಗೆ ಎಂದಲ್ಲ.

ಒಂದು ಚಳಿಗಾಲದ ಮಧ್ಯಾಹ್ನ ಶಾಯಿ ಒಣಗಲೆಂದು ನಾಲ್ಕನೆಯ ಹಾಳೆಯನ್ನು ಛಾವಣಿಯ ಬಿಸಿಲಿಗೆ ಹಾಕಿ ಕಾಯಲು ನನ್ನನ್ನು ಕೂರಿಸಿದ್ದರು. ನಾನು ಮೇಲಿಂದ ಬಗ್ಗಿ, ಕೆಳಗೆ ಗಲ್ಲಿಯಲ್ಲಿದ್ದ ಗೆಳತಿಯರೊಡನೆ ಹಿಂದಿಯಲ್ಲಿ ಕೂಗಾಡುತ್ತಿದ್ದೆ. ತಿರುಗಿ ನೋಡಿದರೆ ಹಾಳೆ ಒಂದು ದಡೂತಿ ಕೋತಿಯ ಕೈಯಲ್ಲಿದೆ. ನನ್ನ ಕಿರುಚಾಟಕ್ಕೆ ಅಜ್ಜಿ ಬಾಳೆಹಣ್ಣು ಹಿಡಿದುಕೊಂಡು ಓಡಿಬಂದಳು. ಹಣ್ಣು ಹೋಯಿತು, ಹಾಳೆ ಬಂತು. ಸಿಂಧೂ ನದಿಯ ಕಡೆಯ ಮೂಲೆ ಮಾತ್ರ ಕೋತಿಯ ಬಾಯಲ್ಲೇ ಉಳಿಯಿತು. ಅಷ್ಟು ದೊಡ್ಡ ರಾಜನನ್ನು ಸೋಲಿಸಿದ್ದು ಹನುಮಾನ್ ಘಾಟಿನ ಮಂಗ ಎಂದು ಅಜ್ಜಿ ಗಲ್ಲಿಗೆಲ್ಲ ಸಾರಿದಳು. ಅಪ್ಪ ನನಗೆ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಇಡೀ ಹಾಳೆಯನ್ನು ಮೊದಲಿನಿಂದ ಮತ್ತೆ ಎಳೆದರು. ಮೂರು ತಿಂಗಳು ಹಿಡಿಯಿತು.

ನಕ್ಷೆಗಳನ್ನು ಪುಸ್ತಕವಾಗಿ ಮುದ್ರಿಸಲು ಒಬ್ಬ ಪ್ರಕಾಶಕರು ಒಪ್ಪಿದ್ದರು. ಅವರಿಂದ ಬಂದ ಕಾಗದವನ್ನು ಅಪ್ಪ ಅಮ್ಮನಿಗೆ ಓದಿ ಹೇಳಿದ್ದು ನನಗೆ ನೆನಪಿದೆ. ಕೆಲಸ ಬಹಳ ಚೆನ್ನಾಗಿದೆ, ಆದರೆ ಇಷ್ಟೊಂದು ತುಂಡು ಗೆರೆಗಳಿದ್ದರೆ ವಿದ್ಯಾರ್ಥಿಗಳಿಗೆ ಗೊಂದಲವಾಗುತ್ತದೆ, ಎಲ್ಲವನ್ನೂ ಪೂರ್ತಿ ಗೆರೆ ಮಾಡಿಕೊಡಿ, ಒಳಗೆ ಬಣ್ಣ ತುಂಬುತ್ತೇವೆ ಎಂದು ಬರೆದಿದ್ದರು. ಅಪ್ಪ ಆಗುವುದಿಲ್ಲ ಎಂದು ಉತ್ತರ ಹಾಕಿದರು. ಪ್ರಕಾಶಕರು ಮತ್ತೆ ಬರೆದರು, ಅಪ್ಪ ಮತ್ತೆ ಒಲ್ಲೆ ಎಂದರು. ಹೀಗೇ ಒಂದು ವರ್ಷ ನಡೆಯಿತು. "ಎಲ್ಲರೂ ಹಂಗ ಮಾಡ್ತಾರಂತಲ್ರಿ, ನಿಮಗೇನ ತ್ರಾಸು?" ಎಂದು ಅಮ್ಮ ಕೇಳಿದಾಗ ಅಪ್ಪ ನಿಬ್ಬು ಒರೆಸಿದರು. ಪುಸ್ತಕ ಬಂದಿದ್ದರೆ ಅವರಿಗೆ ಹೆಸರು ಬರುತ್ತಿತ್ತು, ಪ್ರೊಫೆಸರರೂ ಆಗುತ್ತಿದ್ದರೇನೋ. ಅವರು ಹಟಮಾರಿ ಎಂದು ನಮ್ಮ ಬಂಧುಗಳೆಲ್ಲ ಒಪ್ಪಿಕೊಂಡಿದ್ದರು.

ನನಗೆ ಹನ್ನೊಂದು ತುಂಬಿದ ವರ್ಷ ಮನೆಯ ಮಾಲೀಕರು ಮನೆ ಮಾರಿದರು. ಕೊಂಡವರು ಅದನ್ನು ಕೆಡವಿ ಯಾತ್ರಿಕರಿಗೆ ಲಾಡ್ಜ್ ಕಟ್ಟುವವರು. ಅದೇ ಹೊತ್ತಿಗೆ ಅಪ್ಪನಿಗೆ ವಿಶ್ವವಿದ್ಯಾಲಯದ ಆವರಣದಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಎರಡು ಕೋಣೆ, ಹಿತ್ತಲು, ಒಂದು ಮಾವಿನ ಮರ. ಗಲ್ಲಿಯ ತೇವಕ್ಕೆ ಉಬ್ಬಸ ಹಿಡಿದಿದ್ದ ಅಮ್ಮನಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇರಲಿಲ್ಲ. ಆದರೆ ಕ್ವಾರ್ಟರ್ಸ್ ಅಸ್ಸಿಯ ಆಚೆಗಿತ್ತು. ಅಜ್ಜಿ ಕೇಳಿದ ಕೂಡಲೇ ಬತ್ತಿಯ ಬುಟ್ಟಿ ಕೆಳಗಿಟ್ಟಳು. "ವರಣಾ ಅಸಿ ನಡುವ ಕಾಶೀ. ಅಸ್ಸೀ ದಾಟಿದ್ರ ನನ್ನ ವ್ರತಾ ಹೋತು. ನೀವು ಹೋಗ್ರಿ. ನಾ ಪದ್ದಕ್ಕನ ಬಾಜೂ ಕೋಣ್ಯಾಗ ಇರ್ತೇನಿ." ಪದ್ದಕ್ಕ ನಮ್ಮ ಗಲ್ಲಿಯ ಕೊನೆಯಲ್ಲಿ ಒಬ್ಬಳೇ ಇದ್ದ, ಶಿವಮೊಗ್ಗದ ಕಡೆಯ ವಿಧವೆ. ಕಾಶಿಯಲ್ಲಿ ಸಾಯಲೆಂದು ಬಂದ ವಿಧವೆಯರ ಅಂಥ ಕೋಣೆಗಳನ್ನು ನಾನು ನೋಡಿದ್ದೆ. ಒಂದು ಮಂಚ, ಒಂದು ಸ್ಟೋವು, ಗೋಡೆಗೆ ಒಂದು ದೇವರ ಪಟ. ಒಬ್ಬಳು ಸತ್ತರೆ ವಾರದೊಳಗೆ ಇನ್ನೊಬ್ಬಳು ಬರುತ್ತಿದ್ದಳು.

"ಮಗಾ ಇದೇ ಊರಾಗಿದ್ದು ಅವ್ವನ್ನ ಹಂಥಾ ಕೋಣ್ಯಾಗ ಬಿಟ್ಟಾನಂತ ಅನಿಸಿಕೊಳ್ಳಲ್ಯಾ?" ಎಂದರು ಅಪ್ಪ. ಮಂದಿಯ ಮಾತಿಗೆ ಅಂಜುವವರಲ್ಲ ಅವರು, ಮತ್ತೇನು ಹೇಳಬೇಕೋ ತಿಳಿಯದೆ ಅದನ್ನು ಹೇಳಿದ್ದು. ಅಜ್ಜಿ ಜಗ್ಗಲಿಲ್ಲ. ಆಗ ಅಪ್ಪ ಪಂಚಕ್ರೋಶಿಯ ಮಾತು ತೆಗೆದರು. ಕಾಶಿಯ ಸುತ್ತ ಯಾತ್ರಿಕರು ಐದು ದಿನ ನಡೆದು ಪ್ರದಕ್ಷಿಣೆ ಹಾಕುವ ದಾರಿಯದು. ಆ ದಾರಿಯ ಒಳಗಿನದೆಲ್ಲ ಕಾಶೀಕ್ಷೇತ್ರವೇ, ವರಣಾ-ಅಸಿಯ ನಡುವಿನದು ಅದರೊಳಗಿನ ಇನ್ನೊಂದು ಸಣ್ಣ ಎಲ್ಲೆ, ಅದಕ್ಕೂ ಒಳಗೆ ವಿಶ್ವನಾಥನ ಸುತ್ತ ಇನ್ನೂ ಸಣ್ಣದೊಂದಿದೆ ಎಂದರು. ಅಜ್ಜಿಗೆ ಇದು ಹೊಸದು. "ಒಂದ ಊರಿಗೆ ಮೂರು ಗಡೀ ಏನು? ನಾ ಯಾವುದರಾಗ ವ್ರತಾ ತೊಟ್ಟೇನಿ ಹಂಗಾರ?" ಅದು ನಿಜವಾದ ಪ್ರಶ್ನೆ. ಸಂಕಲ್ಪ ಮಾಡಿಸಿದ ಮುದಿ ಭಟ್ಟರು ತೀರಿಕೊಂಡಿದ್ದರು. ಅವರು ಯಾವ ಎಲ್ಲೆ ಹೇಳಿಸಿದ್ದರೋ ಅಜ್ಜಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅಜ್ಜಿ ಬೋರ್ಡಿನ ಕಡೆ ಕೈ ತೋರಿಸಿದಳು. "ರಾಘೂ, ಪಾರಸೀಕದ್ದು ಬರೀತಿಯಲ್ಲಾ ಹಂಗ ಕಾಶೀದು ಬರದು ಕೊಡು. ನಿನ್ನ ಮನೀ ಒಳಗ ಬಂತು ಅಂದ್ರ ಬರ್ತೇನಿ. ಹೊರಗ ಬಂತು ಅಂದ್ರ ನಂಗ ಒತ್ತಾಯ ಮಾಡಬ್ಯಾಡ."

ಹೀಗೆ ಅಪ್ಪ ಪಾರಸೀಕವನ್ನು ಎತ್ತಿಟ್ಟು ಕಾಶಿಯನ್ನು ಹಿಡಿದರು. ಮೂಲನಕ್ಷೆಯ ಮೇಲೆ ಗಂಗೆ, ವರಣಾ, ಘಾಟುಗಳು ಬಂದವು. ಅಸ್ಸಿ ಬರೆಯುವಾಗಲೇ ತಕರಾರು ಎದ್ದಿತು; ಆ ಹಳ್ಳ ಹಿಂದೆ ಘಾಟಿನ ಪಕ್ಕದಲ್ಲೇ ಗಂಗೆಗೆ ಸೇರುತ್ತಿತ್ತು, ಈಗ ಅದರ ಬಾಯನ್ನು ದಕ್ಷಿಣಕ್ಕೆ ತಿರುಗಿಸಿದ್ದರು. ಅಪ್ಪ ಪುರಾಣದ ಪುಟಗಳನ್ನು ನಕಲು ಮಾಡಿ ತಂದರು, ಹಳೆಯ ಸರ್ವೇ ನಕ್ಷೆ ನೋಡಿ ಬಂದರು, ರಜೆಯ ದಿನ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಯಾತ್ರೆಯ ದಾರಿ ಹುಡುಕುತ್ತ ಅಲೆದರು. ಚಹಾದಂಗಡಿಯಲ್ಲಿ, ಗುಡಿಯ ಕಟ್ಟೆಯಲ್ಲಿ ಮುದುಕರನ್ನು ಕೇಳಿದರು. ದಾರಿ ಈ ಗೋಡೆಯ ಆಚೆಯಿಂದ ಹೋಗುತ್ತಿತ್ತು ಎಂದು ಒಬ್ಬರು, "ನಹೀಂ ಮಾಸ್ಟರ್ ಸಾಬ್, ಈಚೆಯಿಂದ" ಎಂದು ಇನ್ನೊಬ್ಬರು. ಗೋಡೆ, ಬಡಾವಣೆ, ರಸ್ತೆ ಎಲ್ಲ ಆಮೇಲೆ ಬಂದವು. ಅವು ಬಂದಂತೆಲ್ಲ ಯಾತ್ರಿಕರು ದಾರಿ ಸಿಕ್ಕ ಕಡೆ ನಡೆದಿದ್ದಾರೆ. ಒಂದು ಮಾತಿನ ಪ್ರಕಾರ ನಮ್ಮ ಕ್ವಾರ್ಟರ್ಸ್ ಕಾಶಿಯ ಒಳಗೆ, ಇನ್ನೊಂದರ ಪ್ರಕಾರ ಹೊರಗೆ. ಐದಾರು ವಾರ ಹುಡುಕಿದರೂ ಮೂರನೆಯ ಆಧಾರ ಸಿಗಲಿಲ್ಲ. ಅಷ್ಟರಲ್ಲಿ ಮನೆ ಬಿಡಬೇಕಾದ ದಿನ ಹತ್ತಿರವಾಯಿತು.

ಆ ಭಾನುವಾರ ಬೆಳಗ್ಗೆ ಅಪ್ಪ ಹೊಸ ಹಾಳೆ ಹಾಸಿ, ಒಳಗಿನ ಎರಡು ಎಲ್ಲೆಗಳನ್ನು ಎಳೆದು, ಮೂರನೆಯದಕ್ಕೆ ನಿಬ್ಬು ಅದ್ದಿದರು. ನಾನು ಪಕ್ಕದಲ್ಲೇ ಬ್ಲೇಡು ಹಿಡಿದು ಕೂತಿದ್ದೆ. ಗೆರೆ ಉತ್ತರದಿಂದ ಬಳಸಿ, ಪಶ್ಚಿಮಕ್ಕೆ ಬಂದು, ದಕ್ಷಿಣಕ್ಕೆ ತಿರುಗಿತು. ನಮ್ಮ ಕ್ವಾರ್ಟರ್ಸಿನ ಹತ್ತಿರ ಬಂದಾಗ ಅವರು ನಿಬ್ಬು ಎತ್ತುತ್ತಾರೆ, ತುಂಡು ಗೆರೆ ಶುರುವಾಗುತ್ತದೆ ಎಂದು ನಾನು ಕಾಯುತ್ತಿದ್ದೆ. ನಿಬ್ಬು ಎತ್ತಲಿಲ್ಲ. ಗೆರೆ ದಪ್ಪವಾಗಿ, ಕಪ್ಪಾಗಿ, ನಮ್ಮ ಕ್ವಾರ್ಟರ್ಸನ್ನು ಒಳಗೆ ಹಾಕಿಕೊಂಡು ಗಂಗೆಯ ತನಕ ಹೋಯಿತು. "ಅಪ್ಪಾ, ಇಲ್ಲೆ ತುಂಡು ಗೆರೀ ಅಲ್ಲೇನು? ಒಬ್ಬರು ಹೊರಗ ಅಂದ್ರಲ್ಲಾ" ಎಂದೆ. ಕೆರೆಯಲು ಬ್ಲೇಡನ್ನೂ ಮುಂದೆ ಮಾಡಿದೆ. ಅಪ್ಪ ನನ್ನ ಕೈಯಿಂದ ಬ್ಲೇಡು ತೆಗೆದುಕೊಂಡು ಕಿಟಕಿಯ ಮೇಲಿಟ್ಟರು. "ಹೋಗಿ ಅಜ್ಜೀನ್ನ ಕರಕೊಂಡು ಬಾ" ಎಂದರು. ಒಂದು ವರ್ಷ ಪ್ರಕಾಶಕರಿಗೆ ಕೊಡದ ಗೆರೆಯನ್ನು ಅವರು ತಮ್ಮ ತಾಯಿಗೆ ಒಂದು ಬೆಳಗ್ಗೆಯಲ್ಲಿ ಎಳೆದುಕೊಟ್ಟರು. ನನಗೆ ಅವರ ಮೇಲೆ ಸಿಟ್ಟು ಬಂತು, ಆಮೇಲೆ ಹೆದರಿಕೆಯಾಯಿತು. ಅಜ್ಜಿಗೆ ಹೇಳಿಬಿಡಬೇಕು ಎಂದು ಮೆಟ್ಟಿಲಿಳಿಯುವಾಗ ಅನಿಸಿತು. ಹೇಳಲಿಲ್ಲ. ನನಗೂ ಅವಳು ನಮ್ಮ ಜೊತೆ ಬರಬೇಕಿತ್ತು.

ಅಜ್ಜಿ ಬಂದು ಹಾಳೆಯನ್ನು ಬಹಳ ಹೊತ್ತು ನೋಡಿದಳು. ಹೊರಗಿನ ಗೆರೆಯ ಮೇಲೆ ಬೆರಳಾಡಿಸುತ್ತ ಒಂದು ಸುತ್ತು ಬಂದಳು. ಶಾಯಿ ಇನ್ನೂ ಹಸಿಯಿದ್ದು ಬೆರಳ ತುದಿ ಕಪ್ಪಾಯಿತು. ಸೆರಗಿಗೆ ಒರೆಸಿಕೊಂಡು, "ಆತು. ಯಾವತ್ತ ಹೋಗೂದು?" ಎಂದು ಕೇಳಿದಳು. ಮುಂದಿನ ಬುಧವಾರ ಎರಡು ಸೈಕಲ್ ರಿಕ್ಷಾದಲ್ಲಿ ನಾವು ಹೊರಟೆವು. ಮೊದಲನೆಯದರಲ್ಲಿ ಅಜ್ಜಿ, ನಾನು, ಅವಳ ಟ್ರಂಕು. ಅಸ್ಸಿಯ ಸೇತುವೆ ಬಂದಾಗ ಅವಳು ರಿಕ್ಷಾ ನಿಲ್ಲಿಸಿ ಇಳಿದಳು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು, ನಡೆದೇ ಆಚೆಗೆ ಬಂದಳು. ಕೆಳಗೆ ಹಳ್ಳದಲ್ಲಿ ಕರಿ ನೀರು, ನಾಲ್ಕು ಎಮ್ಮೆ. ಆಚೆ ಬಂದು ಮತ್ತೆ ರಿಕ್ಷಾ ಹತ್ತಿ ನನ್ನ ಕೈ ಹಿಡಿದುಕೊಂಡಳು.

ಕ್ವಾರ್ಟರ್ಸಿನಲ್ಲಿ ಅವಳು ಎರಡು ವರ್ಷ ಇದ್ದಳು. ಮಾವಿನಕಾಯಿ ಉಪ್ಪಿನಕಾಯಿ ಹಾಕಿದಳು, ಹಿತ್ತಲಲ್ಲಿ ಬದನೆ ಬೆಳೆದಳು, ಪಕ್ಕದ ಮನೆಯ ಬಂಗಾಳಿ ಡಾಕ್ಟರರ ತಾಯಿಯ ಜೊತೆ ಯಾವ ಭಾಷೆಯಲ್ಲೋ ಸ್ನೇಹ ಮಾಡಿದಳು. ಗಂಗೆಗೆ ದೂರವಾಯಿತೆಂದು ತಾಮ್ರದ ತಂಬಿಗೆಯಲ್ಲಿ ತುಂಬಿಟ್ಟ ಗಂಗೆಯ ನೀರನ್ನು ಬಕೆಟ್ಟಿಗೆ ಸುರಿದು ಸ್ನಾನ ಮಾಡುತ್ತಿದ್ದಳು. ಹನುಮಾನ್ ಘಾಟಿಗೆ ಹೋದರೆ ಪದ್ದಕ್ಕ, "ಅಸ್ಸಿ ಆಚೆ ಸತ್ರೆ ಕತ್ತೆ ಜನ್ಮ ಕಣ್ರೀ" ಎಂದು ಹೆದರಿಸುತ್ತಿದ್ದಳಂತೆ. ಕತ್ತೆ ಜನ್ಮದ ಮಾತು ಗಂಗೆಯ ಆಚೆ ದಡಕ್ಕೆ ಸೇರಿದ್ದು, ಪದ್ದಕ್ಕ ಅದನ್ನು ಅಸ್ಸಿಗೂ ಹಚ್ಚಿದ್ದಳು. "ಆಗಲಿ ತಗೋ, ಸಂಸಾರದಾಗ ಹೊತ್ತದ್ದಕ್ಕಿಂತ ಹೆಚ್ಚೇನ ಹೊರಸ್ತಾರ" ಎಂದು ಅಜ್ಜಿ ಮನೆಗೆ ಬಂದು ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ಆ ದಿನಗಳಲ್ಲಿ ಅವರು ಬೋರ್ಡಿನ ಮುಂದೆ ಕೂರುವುದು ಕಡಿಮೆಯಾಗಿತ್ತು. ಕೂತರೂ ಹಳೆಯ ಹಾಳೆಗಳನ್ನು ತೆಗೆದು, ಪೂರ್ತಿ ಇದ್ದ ಗೆರೆಗಳನ್ನು ಅಲ್ಲಲ್ಲಿ ಕೆರೆದು ತುಂಡು ಮಾಡುತ್ತಿದ್ದರು. ಹತ್ತು ವರ್ಷದ ಹಿಂದೆ ಖಂಡಿತ ಎಂದುಕೊಂಡದ್ದು ಈಗ ಖಂಡಿತವಲ್ಲ ಎನ್ನುತ್ತಿದ್ದರು.

ಎರಡನೆಯ ವರ್ಷದ ಪುಷ್ಯಮಾಸದ ಚಳಿಯಲ್ಲಿ ಅಜ್ಜಿಗೆ ಕೆಮ್ಮು ಎದೆಗಿಳಿಯಿತು. ಡಾಕ್ಟರು ಬಂದು ನೋಡಿ ಅಪ್ಪನನ್ನು ಹೊರಗೆ ಕರೆದು ಮಾತಾಡಿದರು. ಅಪ್ಪ ಸೈಕಲ್ ಹತ್ತಿ ಹೋದವರು ಮಧ್ಯಾಹ್ನ ತಿರುಗಿ ಬಂದು, ಅಜ್ಜಿಯ ಮಂಚದ ಬಳಿ ನೆಲದ ಮೇಲೆ ಕೂತರು. ನಾನು ಅಜ್ಜಿಯ ಕಾಲು ಒತ್ತುತ್ತಿದ್ದೆ. "ಅವ್ವಾ, ಹನುಮಾನ್ ಘಾಟಿನ್ಯಾಗ ಒಂದು ಕೋಣಿ ಹಿಡದು ಬಂದೇನಿ. ಟ್ಯಾಕ್ಸಿ ಬರ್ತದ. ನಾನೂ ಅಲ್ಲೇ ಇರ್ತೇನಿ" ಎಂದರು. ಅಜ್ಜಿ ಯಾಕೆ ಎಂದು ಕೇಳಿದಳು. ಅಪ್ಪ ಒಂದೇ ಉಸಿರಿಗೆ ಹೇಳಿಬಿಟ್ಟರು, ಆ ಗೆರೆ ನನಗೆ ಖಾತ್ರಿ ಇರಲಿಲ್ಲ, ಖಾತ್ರಿ ಇಲ್ಲದೆ ಎಳೆದೆ, ನಿನ್ನನ್ನು ಕರೆತರಬೇಕೆಂದು ಎಳೆದೆ ಎಂದು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಜ್ಜಿ ಕೆಮ್ಮು ನಿಲ್ಲುವ ತನಕ ಕಾದು ಹೇಳಿದಳು. "ನಂಗ ಅವತ್ತ ಗೊತ್ತಾತೋ ರಾಘೂ. ನಾಕು ವರ್ಷ ನಿನ್ನ ಬಾಜೂ ಕೂತೇನಿ. ಅಷ್ಟು ದೊಡ್ಡ ಗೆರೀ ಒಂದೂ ತುಂಡಿಲ್ಲದ ನೀ ಎಂದಾದರೂ ಎಳದೀ ಏನು?"

"ಮತ್ತ ಯಾಕ ಬಂದಿ?" ಎಂದರು ಅಪ್ಪ.

"ಸುಧಾ ಕರದ್ಲು, ಹೋಗಲಿಲ್ಲ. ನೀ ಕರದಿ, ಬಂದೆ." ಅಷ್ಟು ಹೇಳಿ ಅವಳು ಮಗ್ಗುಲಾದಳು. "ಟ್ಯಾಕ್ಸಿ ಬ್ಯಾಡ ಅಂತ ಹೇಳಿ ಕಳಿಸು. ಇಂದೂ, ಇನ್ನೊಂದ ಚೂರು ಮ್ಯಾಲೆ ಒತ್ತವ್ವಾ" ಎಂದಳು. ನಾನು ಒತ್ತಿದೆ. ಐದನೆಯ ದಿನ ಬೆಳಗ್ಗೆ ಹಿತ್ತಲಿನ ಕಡೆಯ ಕೋಣೆಯಲ್ಲಿ, ಅಮ್ಮ ಗಂಗಾಜಲ ಬಿಡುತ್ತಿರುವಾಗ, ಪ್ರಾಣ ಹೋಯಿತು.

ಪಾರಸೀಕದ ಗತಿಯನ್ನೂ ಹೇಳಿಬಿಡುತ್ತೇನೆ. ಪುಸ್ತಕ ಬರಲಿಲ್ಲ. ಅಪ್ಪ ನಿವೃತ್ತರಾಗುವ ಹೊತ್ತಿಗೆ ಏಳೂ ಹಾಳೆಗಳಲ್ಲಿ ಹುಡುಕಿದರೂ ಒಂದು ಗೇಣು ಪೂರ್ತಿ ಗೆರೆ ಸಿಗುತ್ತಿರಲಿಲ್ಲ. ಅವರು ಹೋದ ಮೇಲೆ ಅವನ್ನು ನಾನು ಬಹಳ ಕಾಲ ಅಟ್ಟದಲ್ಲಿಟ್ಟಿದ್ದೆ. ಒಂದು ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿ, ಬಿಡಿಸಲು ಹೋದರೆ ಪುಡಿಯಾದವು. ನಾನು ಭೂಗೋಳ ಕಲಿಸುವ ಶಾಲೆಯಲ್ಲಿ ಹುಡುಗಿಯೊಬ್ಬಳು ಮೊನ್ನೆ ಫೋನಿನಲ್ಲಿ ಅದೇ ಸಾಮ್ರಾಜ್ಯ ತೋರಿಸಿದಳು. ಅರ್ಧ ನಿಮಿಷದಲ್ಲಿ ಕೆಂಪು ಬಣ್ಣ ಹಬ್ಬಿತು, ಕುಗ್ಗಿತು, ಮಾಯವಾಯಿತು. ಸುತ್ತಲೂ ಚೂಪಾದ ಗೆರೆ, ಎಲ್ಲೂ ಒಂದು ಅನುಮಾನವಿಲ್ಲ. "ಕಿತನಾ ಕ್ಲಿಯರ್ ಹೈ ನಾ, ಮೇಡಂ" ಎಂದಳು. ಚೆನ್ನಾಗಿದೆ ಎಂದೆ. ಮನೆಗೆ ಬಂದ ಮೇಲೂ ಅದೇಕೋ ಸಂಕಟ ಹೋಗಲಿಲ್ಲ.

ಹೇಳಬೇಕಾದದ್ದು ಇನ್ನೊಂದು ಉಳಿದಿದೆ. ಅಜ್ಜಿಯ ಹತ್ತನೆಯ ದಿನದ ಕರ್ಮಕ್ಕೆ ಹನುಮಾನ್ ಘಾಟಿಗೆ ಹೋಗಿದ್ದೆವು. ಮುದಿ ಭಟ್ಟರ ಮಗ ಮಾಡಿಸುವವರು. ಕಾಶಿಯಲ್ಲೇ ಹುಟ್ಟಿ ಬೆಳೆದವರಾದ್ದರಿಂದ ಅವರ ಕನ್ನಡಕ್ಕೆ ಹಿಂದಿಯ ತುಂಡುಗಳು ಮೆತ್ತಿಕೊಂಡಿರುತ್ತಿದ್ದವು. ದರ್ಭೆ ಜೋಡಿಸುತ್ತ ಅವರು ಕೈ ನಿಲ್ಲಿಸಿದರು. "ರಾಯರೇ, ಒಂದು ಬಾತ್ ಕೇಳೋದಿತ್ತು. ಅವರು ಕ್ಷೇತ್ರಸನ್ಯಾಸ ತಗೊಂಡಿದ್ರು ಅಲ್ವಾ. ಸೀಮೆ ಹೊರಗೆ ಹೋಗಿದ್ರೆ ಮೊದಲು ಪ್ರಾಯಶ್ಚಿತ್ತ ಮಾಡಿಸಬೇಕಾಗ್ತದೆ. ಒಳಗಿದ್ರೆ ಜರೂರತ್ತಿಲ್ಲ. ನೀವು ಓದಿದವರು, ನಿಮಗೆ ಗೊತ್ತಿರ್ತದೆ. ಅವರು ತೀರಿಹೋಗಿದ್ದು ಎಲ್ಲಿ, ಒಳಗೋ ಹೊರಗೋ?"

ಅಪ್ಪ ಒದ್ದೆ ಪಂಚೆಯಲ್ಲಿ ಕೂತಿದ್ದರು. ಗಂಗೆಯ ಕಡೆ ನೋಡಿದರು, ಅಸ್ಸಿಯ ಕಡೆ ನೋಡಿದರು.

"ಮಗನ ಮನ್ಯಾಗ" ಎಂದರು ಅಪ್ಪ.

"ಅದಲ್ಲ ರಾಯರೇ, ನಾನು ಕೇಳಿದ್ದು—"

"ಮಗನ ಮನ್ಯಾಗ ಹೋದ್ಲು, ಭಟ್ರ. ಅಷ್ಟು ಗೊತ್ತು ನನಗ. ಅದನ್ನ ಮಂತ್ರದಾಗ ಹೇಳ್ರಿ."

ಭಟ್ಟರು ಅಪ್ಪನ ಮುಖವನ್ನೇ ನೋಡಿದರು. ಆಮೇಲೆ ಎಳ್ಳಿನ ತಟ್ಟೆಯನ್ನು ಅವರ ಕಡೆ ಸರಿಸಿ ಮಂತ್ರ ಶುರು ಮಾಡಿದರು.